ಅನ್ನನಾಳದ ಸ್ಮಾಲ್ ಸೆಲ್ ಕ್ಯಾನ್ಸರ್: ಪತ್ತೆ ಹೇಗೆ, ಚಿಕಿತ್ಸೆ ಏನು?

ಅನ್ನನಾಳದ ಕ್ಯಾನ್ಸರ್ ಎಂಬ ಮಾತು ನಮ್ಮ ಓದುಗರಿಗೆ ಹೊಸತಲ್ಲ. ಆದರೆ ಈ ಒಂದು ಹೆಸರಿನ ಕೆಳಗೆ ಹಲವು ರೋಗಗಳಿವೆ ಎಂಬುದು ಎಲ್ಲರಿಗೂ ಗೊತ್ತಿರುವುದಿಲ್ಲ. ಅವುಗಳಲ್ಲಿ ಅತಿ ವಿರಳವಾದ, ಆದರೆ ಅತಿ ವೇಗವಾಗಿ ಹರಡುವ ಒಂದು ಬಗೆಯೇ ಸ್ಮಾಲ್ ಸೆಲ್ ಕಾರ್ಸಿನೋಮ, ಅಂದರೆ ಸಣ್ಣ ಜೀವಕೋಶದ ಕ್ಯಾನ್ಸರ್. ಅನ್ನನಾಳದ ಕ್ಯಾನ್ಸರ್ ಇರುವ ನೂರು ಮಂದಿಯಲ್ಲಿ ಒಬ್ಬರಿಗೋ ಇಬ್ಬರಿಗೋ ಕಾಣಿಸುವಂಥದ್ದು.

ಇಷ್ಟು ವಿರಳವಾದ ರೋಗದ ಬಗ್ಗೆ ಬರೆಯುವುದೇಕೆ ಎಂದು ಯಾರಾದರೂ ಕೇಳಬಹುದು. ಮೊದಲನೆಯದಾಗಿ, ಇದರ ಚಿಕಿತ್ಸೆಯ ದಾರಿಯೇ ಬೇರೆ. ಸಾಮಾನ್ಯ ಬಗೆಯ ಅನ್ನನಾಳದ ಕ್ಯಾನ್ಸರಿನಲ್ಲಿ ಶಸ್ತ್ರಚಿಕಿತ್ಸೆಗೆ ದೊಡ್ಡ ಸ್ಥಾನವಿದ್ದರೆ, ಇಲ್ಲಿ ಔಷಧಕ್ಕೆ ಮೊದಲ ಸ್ಥಾನ. ಬಯಾಪ್ಸಿ ವರದಿಯ ಒಂದು ಸಾಲನ್ನು ಸರಿಯಾಗಿ ಓದದಿದ್ದರೆ ರೋಗಿ ತಪ್ಪು ದಾರಿಯಲ್ಲಿ ಹೊರಟುಬಿಡುತ್ತಾನೆ. ಎರಡನೆಯದಾಗಿ, ಇದರ ಲಕ್ಷಣಗಳು ಸಾಮಾನ್ಯ ಬಗೆಯ ಲಕ್ಷಣಗಳೇ ಆಗಿವೆ. ಆದ್ದರಿಂದ ಇಲ್ಲಿ ಹೇಳುವ ಎಚ್ಚರಿಕೆ ಅನ್ನನಾಳದ ಯಾವ ಕ್ಯಾನ್ಸರಿಗೂ ಸಲ್ಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ ಸುಮಾರು 5 ಲಕ್ಷ 10 ಸಾವಿರ ಮಂದಿಗೆ ಅನ್ನನಾಳದ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು. ಅದೇ ವರ್ಷ ಸುಮಾರು 4 ಲಕ್ಷ 45 ಸಾವಿರ ಮಂದಿ ಅದರಿಂದ ತೀರಿಕೊಂಡರು. ಈ ಎರಡು ಸಂಖ್ಯೆಗಳ ನಡುವಿನ ಅಂತರ ಎಷ್ಟು ಕಡಿಮೆ ಎಂಬುದನ್ನು ಗಮನಿಸಿ. ರೋಗ ತಡವಾಗಿ ಪತ್ತೆಯಾಗುವುದೇ ಇದಕ್ಕೆ ಮುಖ್ಯ ಕಾರಣ.

ಲೇಖನದ ಉದ್ದೇಶ ತಿಳುವಳಿಕೆ ಮಾತ್ರ. ಯಾರಿಗೆ ಯಾವ ಮದ್ದು ಎಂಬುದನ್ನು ರೋಗಿಯನ್ನು ಕಂಡ ವೈದ್ಯರೇ ನಿರ್ಧರಿಸಬೇಕು.

ರೋಗದ ಪರಿಚಯ

ಅನ್ನನಾಳವು ಸುಮಾರು 25 ಸೆಂಟಿಮೀಟರ್ ಉದ್ದದ ಸ್ನಾಯುವಿನ ಕೊಳವೆ. ಗಂಟಲಿನಿಂದ ಹೊರಟು, ಶ್ವಾಸನಾಳದ ಹಿಂದೆ, ಬೆನ್ನೆಲುಬಿನ ಮುಂದೆ, ಹೃದಯದ ಹಿಂಬದಿಯಲ್ಲಿ ಹಾದು, ವಪೆಯನ್ನು ದಾಟಿ ಜಠರವನ್ನು ಸೇರುತ್ತದೆ. ಕರುಳಿಗೂ ಜಠರಕ್ಕೂ ಹೊರಗಿನಿಂದ ಇರುವ ತೆಳು ಹೊದಿಕೆ ಅನ್ನನಾಳದ ಹೆಚ್ಚಿನ ಭಾಗಕ್ಕೆ ಇಲ್ಲ. ಅದರ ಗೋಡೆಯೊಳಗೆ ದುಗ್ಧನಾಳಗಳ ದಟ್ಟ ಜಾಲ ಉದ್ದಕ್ಕೆ ಹರಡಿಕೊಂಡಿದೆ. ಹೀಗಾಗಿ ಇಲ್ಲಿ ಹುಟ್ಟಿದ ಕ್ಯಾನ್ಸರ್ ನೆರೆಯ ಅಂಗಗಳಿಗೂ ದೂರದ ದುಗ್ಧಗ್ರಂಥಿಗಳಿಗೂ ಬೇಗನೆ ದಾಟಿಕೊಳ್ಳುತ್ತದೆ.

ಅನ್ನನಾಳದ ಕ್ಯಾನ್ಸರುಗಳಲ್ಲಿ ಬಹುಪಾಲು ಎರಡು ಬಗೆಯವು. ಒಳಪದರದ ಚಪ್ಪಟೆ ಜೀವಕೋಶಗಳಿಂದ ಹುಟ್ಟುವ ಸ್ಕ್ವಾಮಸ್ ಕ್ಯಾನ್ಸರ್ ಒಂದು. ಭಾರತದಲ್ಲಿ ಹೆಚ್ಚು ಕಾಣುವುದು ಇದೇ. ಕೆಳತುದಿಯಲ್ಲಿ, ಬಹುಕಾಲದ ಆಮ್ಲದ ಹಿಮ್ಮರಳುವಿಕೆಯಿಂದ ಬದಲಾದ ಪದರದಲ್ಲಿ ಹುಟ್ಟುವ ಅಡಿನೋಕಾರ್ಸಿನೋಮ ಇನ್ನೊಂದು. ಪಾಶ್ಚಾತ್ಯ ದೇಶಗಳಲ್ಲಿ ಇದು ಹೆಚ್ಚು. ಸ್ಮಾಲ್ ಸೆಲ್ ಬಗೆಯದು ಈ ಎರಡಕ್ಕೂ ಸೇರದು. ನರಕೋಶಗಳ ಗುಣವನ್ನೂ ಹಾರ್ಮೋನು ಸ್ರವಿಸುವ ಕೋಶಗಳ ಗುಣವನ್ನೂ ಒಟ್ಟಿಗೆ ತೋರುವ ನ್ಯೂರೋಎಂಡೋಕ್ರೈನ್ ಎಂಬ ಗುಂಪಿಗೆ ಇದು ಸೇರುತ್ತದೆ. ಶ್ವಾಸಕೋಶದಲ್ಲಿ ಈ ರೋಗ ಸಾಕಷ್ಟು ಸಾಮಾನ್ಯ. ಸೂಕ್ಷ್ಮದರ್ಶಕದಲ್ಲಿ ಜೀವಕೋಶಗಳು ಓಟ್ಸ್ ಕಾಳಿನಂತೆ ಕಂಡದ್ದರಿಂದ ಹಿಂದೆ ಓಟ್ ಸೆಲ್ ಕ್ಯಾನ್ಸರ್ ಎಂದೇ ಕರೆಯುತ್ತಿದ್ದರು. ಅದೇ ರೋಗ ಅನ್ನನಾಳದಲ್ಲಿಯೂ ಹುಟ್ಟಬಹುದೆಂದು ಮೊದಲು ವರದಿ ಮಾಡಿದವರು ಮೆಕ್‌ಕೀವನ್ ಎಂಬ ವೈದ್ಯರು, 1952ರಲ್ಲಿ, ಇಬ್ಬರು ರೋಗಿಗಳ ವಿವರದೊಂದಿಗೆ.

ಮಹಿಳೆಯರಿಗಿಂತ ಪುರುಷರಲ್ಲಿ, ಐವತ್ತು ದಾಟಿದವರಲ್ಲಿ ಇದು ಹೆಚ್ಚು. ಅನ್ನನಾಳದ ನಡುಭಾಗದಲ್ಲಿ ಅಥವಾ ಕೆಳಭಾಗದಲ್ಲಿ ಕಾಣಿಸಿಕೊಳ್ಳುವುದು ಸಾಮಾನ್ಯ. ಕಾರಣ ಇಂಥದ್ದೇ ಎಂದು ಬೊಟ್ಟು ಮಾಡುವಷ್ಟು ಅಧ್ಯಯನಗಳು ವಿರಳ ರೋಗದಲ್ಲಿ ಸಾಧ್ಯವಿಲ್ಲ. ಆದರೂ ರೋಗಿಗಳಲ್ಲಿ ಬೀಡಿ, ಸಿಗರೇಟು, ಮದ್ಯದ ಅಭ್ಯಾಸ ಇದ್ದವರು ಹೆಚ್ಚಾಗಿ ಕಾಣುತ್ತಾರೆ. ಸ್ಕ್ವಾಮಸ್ ಬಗೆಗಂತೂ ತಂಬಾಕು, ಮದ್ಯ, ಎಲೆಅಡಿಕೆ ಕಾರಣವೆಂಬುದು ಗಟ್ಟಿಯಾಗಿದೆ. ತಂಬಾಕು ಹಾಕದೆ ಬರೇ ಅಡಿಕೆ ಜಗಿದರೆ ತೊಂದರೆಯಿಲ್ಲ ಎಂಬ ನಂಬಿಕೆ ನಮ್ಮ ಜಿಲ್ಲೆಗಳಲ್ಲಿ ಇನ್ನೂ ಇದೆ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2003ರಲ್ಲಿಯೇ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಅಡಿಕೆ ಬೆಳೆದು ಬದುಕುವ ಕುಟುಂಬಗಳಿಗೆ ಇದು ಕಹಿ ಮಾತು. ಆದರೆ ಆರೋಗ್ಯದ ಲೇಖನದಲ್ಲಿ ಅದನ್ನು ಬಿಟ್ಟು ಬರೆಯುವುದು ಸರಿಯಲ್ಲ. 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಪಾನೀಯಗಳೂ ಅನ್ನನಾಳದ ಕ್ಯಾನ್ಸರಿಗೆ ಬಹುಶಃ ಕಾರಣ ಎಂದು ಅದೇ ಸಂಸ್ಥೆ 2016ರಲ್ಲಿ ಹೇಳಿತು. ಒಲೆಯಿಂದ ಇಳಿಸಿದ ಚಾವನ್ನು ಐದು ನಿಮಿಷ ಬಿಟ್ಟು ಕುಡಿದರೆ ನಷ್ಟವೇನೂ ಇಲ್ಲ.

ಲಕ್ಷಣಗಳು

ನುಂಗಲು ಕಷ್ಟವಾಗುವುದೇ ಮುಖ್ಯ ಲಕ್ಷಣ. ಮೊದಲು ಮಾಂಸದ ತುಂಡು, ಚಪಾತಿ, ಒಣ ಕೋರಿ ರೊಟ್ಟಿ ಎದೆಯ ನಡುವೆ ಸಿಕ್ಕಿಕೊಂಡಂತಾಗುತ್ತದೆ. ಮತ್ತೆ ಅನ್ನ ಇಳಿಯುವುದಿಲ್ಲ. ಬಳಿಕ ಗಂಜಿ, ಕಡೆಗೆ ನೀರು, ಬಾಯಲ್ಲಿ ಊರುವ ಎಂಜಲು ಕೂಡ. ಗಟ್ಟಿಯಿಂದ ದ್ರವಕ್ಕೆ ಇಳಿಯುತ್ತ ಬರುವ ಈ ಕ್ರಮವೇ ಅಪಾಯದ ಗುರುತು. ಅನ್ನನಾಳ ಚೆನ್ನಾಗಿ ಹಿಗ್ಗುವ ಅಂಗವಾದ್ದರಿಂದ, ಒಳದಾರಿ ಸುಮಾರು 13 ಮಿಲಿಮೀಟರಿಗಿಂತ ಕಿರಿದಾಗುವವರೆಗೆ ರೋಗಿಗೆ ಏನೂ ತಿಳಿಯದೆ ಇರಬಹುದು. ಅಂದರೆ, ನುಂಗಲು ಕಷ್ಟವೆಂದು ಒಬ್ಬರು ಹೇಳುವ ಹೊತ್ತಿಗೆ ಗಡ್ಡೆ ಆಗಲೇ ಬೆಳೆದಿರುತ್ತದೆ. ಸಾಮಾನ್ಯ ಬಗೆಯಲ್ಲಿ ತಿಂಗಳುಗಟ್ಟಲೆ ಹಿಡಿಯುವ ಈ ಇಳಿಕೆ ಸ್ಮಾಲ್ ಸೆಲ್ ಬಗೆಯಲ್ಲಿ ಕೆಲವೇ ವಾರಗಳಲ್ಲಿ ಆಗಿಬಿಡುವುದುಂಟು.

ತೂಕ ಇಳಿಯುವುದು, ಎದೆನೋವು ಅಥವಾ ಬೆನ್ನಿನ ನಡುವೆ ನೋವು, ತಿಂದದ್ದು ಹಾಗೆಯೇ ಮರಳಿ ಬರುವುದು, ರಕ್ತ ವಾಂತಿ, ಡಾಂಬರಿನಂತೆ ಕಪ್ಪು ಮಲ, ಕುತ್ತಿಗೆಯ ಬುಡದಲ್ಲಿ ಗಂಟು ಇವೂ ಲಕ್ಷಣಗಳೇ. ಧ್ವನಿ ಒಡೆದು ಗೊಗ್ಗರಾದರೆ ಧ್ವನಿಪೆಟ್ಟಿಗೆಯ ನರಕ್ಕೆ ರೋಗ ತಗಲಿದೆಯೇ ಎಂದು ನೋಡಬೇಕು. ನೀರು ಕುಡಿದ ಕೂಡಲೇ ಪ್ರತಿ ಸಲ ಕೆಮ್ಮು ಬಂದರೆ ಅನ್ನನಾಳಕ್ಕೂ ಶ್ವಾಸನಾಳಕ್ಕೂ ನಡುವೆ ತೂತು ಬಿದ್ದಿರುವ ಸಂಭವವಿದೆ; ಆಗ ಒಂದು ದಿನವೂ ಕಾಯಬಾರದು.

ನಮ್ಮಲ್ಲಿ ಕಾಲಹರಣವಾಗುವುದು ಎಲ್ಲಿ ಎಂದರೆ ಗ್ಯಾಸ್ ಎಂಬ ಪದದಲ್ಲಿ. ಎದೆಯಲ್ಲಿ ಏನಾದರೂ ಆದರೆ ಗ್ಯಾಸ್ ಎನ್ನುತ್ತೇವೆ. ಜೀರಿಗೆ ಕಷಾಯ, ಸೋಡಾ, ಮತ್ತೆ ಮೆಡಿಕಲ್ ಅಂಗಡಿಯಿಂದ ಆಮ್ಲ ತಗ್ಗಿಸುವ ಮಾತ್ರೆ. ಮಾತ್ರೆಯಿಂದ ಉರಿ ಸ್ವಲ್ಪ ಕಡಿಮೆಯಾದೀತು, ಒಳಗಿನ ಗಡ್ಡೆ ಬೆಳೆಯುತ್ತಲೇ ಇರುತ್ತದೆ. ಇನ್ನೊಂದು, ವಯಸ್ಸಾದವರು ದೂರು ಹೇಳುವುದಿಲ್ಲ, ಊಟ ಬದಲಿಸಿಕೊಳ್ಳುತ್ತಾರೆ. ನನಗೆ ಈಗ ಗಂಜಿಯೇ ಸಾಕು ಮಗಾ ಎಂದು ಅಜ್ಜಿ ಹೇಳಿದರೆ ಮನೆಯವರು ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕುತ್ತಾರೆ. ವಾಳೆಯ ಗುರಿಕಾರರು, ಮನೆಭೇಟಿ ಮಾಡುವ ಧರ್ಮಭಗಿನಿಯರು, ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಯ ಸದಸ್ಯರು ಹೀಗೆ ಊಟ ಬದಲಿಸಿಕೊಂಡವರನ್ನು ಕಂಡರೆ ಒಂದು ಪ್ರಶ್ನೆ ಕೇಳಬಹುದು: ಗಂಜಿ ಇಷ್ಟವೆಂದು ಉಣ್ಣುವುದೋ, ಅನ್ನ ಇಳಿಯುವುದಿಲ್ಲವೆಂದೋ? ಎರಡನೆಯ ಉತ್ತರ ಬಂದರೆ ಅವರಿಗೆ ಬೇಕಾದದ್ದು ಎಂಡೋಸ್ಕೋಪಿ.

ನುಂಗಲು ಕಷ್ಟವಾದವರಿಗೆಲ್ಲ ಕ್ಯಾನ್ಸರ್ ಇರುತ್ತದೆಂದು ಹೇಳುತ್ತಿಲ್ಲ. ಆಮ್ಲದಿಂದಾದ ಗಾಯ ಮಾಗಿ ನಾಳ ಕಿರಿದಾಗಿರಬಹುದು. ಕೆಳತುದಿಯ ಸ್ನಾಯು ಸಡಿಲವಾಗದ ಅಕಲೇಶಿಯ ಎಂಬ ತೊಂದರೆ ಇರಬಹುದು. ರಕ್ತಹೀನತೆ ಇರುವ ಮಹಿಳೆಯರಲ್ಲಿ ಗಂಟಲ ಬಳಿ ತೆಳು ಪೊರೆ ಬೆಳೆದಿರಬಹುದು. ಇವೆಲ್ಲಕ್ಕೂ ಮದ್ದಿದೆ. ಯಾವುದೆಂದು ತಿಳಿಯಲು ಒಳಗೆ ನೋಡಲೇಬೇಕು.

ಪರೀಕ್ಷೆಗಳು

ಎಂಡೋಸ್ಕೋಪಿಯ ಹೆಸರು ಕೇಳಿಯೇ ಹೆದರುವವರು ಹಲವರು. ಆರೇಳು ಗಂಟೆ ಖಾಲಿ ಹೊಟ್ಟೆಯಲ್ಲಿರಬೇಕು. ಗಂಟಲಿಗೆ ಮರಗಟ್ಟಿಸುವ ಮದ್ದು ಸಿಂಪಡಿಸಿ, ಬೇಕಾದರೆ ಮಂಪರಿನ ಇಂಜೆಕ್ಷನ್ ಕೊಟ್ಟು, ಕಿರುಬೆರಳಿನ ದಪ್ಪದ ಕೊಳವೆಯನ್ನು ಬಾಯಿಯ ಮೂಲಕ ಇಳಿಸುತ್ತಾರೆ. ಹತ್ತು ಹದಿನೈದು ನಿಮಿಷಗಳ ಕೆಲಸ. ಗಡ್ಡೆ ಅಥವಾ ಹುಣ್ಣು ಕಂಡಲ್ಲಿಂದ ಚಿಕ್ಕ ಚಿಕ್ಕ ಚೂರುಗಳನ್ನು ಚಿವುಟಿ ತೆಗೆಯುತ್ತಾರೆ, ಇದೇ ಬಯಾಪ್ಸಿ. ಚಿವುಟಿದರೆ ಕ್ಯಾನ್ಸರ್ ಹರಡುತ್ತದೆ ಎಂಬುದು ಬರೀ ಭಯ. ಬಯಾಪ್ಸಿ ಇಲ್ಲದೆ ಚಿಕಿತ್ಸೆ ಆರಂಭಿಸುವುದೇ ನಿಜವಾದ ಅಪಾಯ.

ಕಣ್ಣಿಗೆ ಕಾಣುವ ರೂಪದಿಂದ ಇದು ಸ್ಮಾಲ್ ಸೆಲ್ ಎಂದು ಹೇಳಲು ಯಾವ ವೈದ್ಯರಿಗೂ ಸಾಧ್ಯವಿಲ್ಲ. ಉಳಿದ ಬಗೆಗಳೂ ಹಾಗೆಯೇ ಉಬ್ಬಿದ, ಹುಣ್ಣಾದ ಗಡ್ಡೆಗಳು. ತೀರ್ಪು ಹೇಳುವವರು ಪೆಥಾಲಜಿಸ್ಟ್. ಆದ್ದರಿಂದ ಈ ರೋಗದಲ್ಲಿ ಇಡೀ ಚಿಕಿತ್ಸೆಯ ಹಣೆಬರಹ ಅವರ ಮೇಜಿನ ಮೇಲೆ ನಿರ್ಧಾರವಾಗುತ್ತದೆ ಎಂದರೆ ತಪ್ಪಾಗದು. ಸೂಕ್ಷ್ಮದರ್ಶಕದ ಕೆಳಗೆ ಚಿಕ್ಕ, ಕಡುನೀಲಿ ಬಣ್ಣದ ಜೀವಕೋಶಗಳು ಒತ್ತೊತ್ತಾಗಿ ಕಾಣುತ್ತವೆ. ಅವುಗಳಲ್ಲಿ ಕೋಶಕೇಂದ್ರವೇ ತುಂಬಿರುತ್ತದೆ, ಸುತ್ತಲಿನ ದ್ರವ್ಯ ತೀರಾ ಕಡಿಮೆ. ಉಪ್ಪು ಮತ್ತು ಕರಿಮೆಣಸಿನ ಪುಡಿಯನ್ನು ಬೆರೆಸಿ ಚೆಲ್ಲಿದಂಥ ಚುಕ್ಕೆಗಳು, ಎಲ್ಲೆಲ್ಲೂ ವಿಭಜನೆಯಾಗುತ್ತಿರುವ ಕೋಶಗಳು, ನಡುನಡುವೆ ಸತ್ತ ಅಂಗಾಂಶ. ಈ ಕೋಶಗಳು ಬಹಳ ಮೃದು. ಚಿವುಟುವಾಗಲೇ ನಜ್ಜುಗುಜ್ಜಾಗಿ ಗುರುತು ಸಿಗದಂತಾಗುವುದುಂಟು. ಅದಕ್ಕಾಗಿಯೇ ಒಂದೆರಡು ಚೂರು ಸಾಲದು, ಆರೋ ಎಂಟೋ ಚೂರುಗಳನ್ನು ತೆಗೆಯಬೇಕೆನ್ನುತ್ತಾರೆ. ಮೊದಲ ವರದಿ ಅಸ್ಪಷ್ಟವಾಗಿದ್ದು ಮತ್ತೊಮ್ಮೆ ಎಂಡೋಸ್ಕೋಪಿ ಮಾಡಬೇಕೆಂದರೆ ಮನೆಯವರು ಸಿಟ್ಟಾಗಬಾರದು. ಸಂಶಯದ ವರದಿಯ ಮೇಲೆ ಚಿಕಿತ್ಸೆ ಆರಂಭಿಸುವುದಕ್ಕಿಂತ ಅದು ಎಷ್ಟೋ ಮೇಲು.

ಇಷ್ಟಕ್ಕೇ ಮುಗಿಯುವುದಿಲ್ಲ. ಸ್ಕ್ವಾಮಸ್ ಕ್ಯಾನ್ಸರಿನ ಬೇಸಲಾಯ್ಡ್ ಎಂಬ ಉಪಬಗೆ, ದುಗ್ಧಗ್ರಂಥಿಗಳ ಲಿಂಫೋಮ, ಅನ್ನನಾಳದಲ್ಲಿ ಇನ್ನೂ ವಿರಳವಾಗಿ ಕಾಣುವ ಮೆಲನೋಮ ಇವೂ ಸಣ್ಣ ನೀಲಿ ಕೋಶಗಳಂತೆ ಕಾಣಬಲ್ಲವು. ಇವುಗಳನ್ನು ಬೇರ್ಪಡಿಸಲು ಇಮ್ಯುನೋಹಿಸ್ಟೋಕೆಮಿಸ್ಟ್ರಿ ಎಂಬ ವಿಶೇಷ ಬಣ್ಣದ ಪರೀಕ್ಷೆ ಬೇಕು. ವರದಿಯಲ್ಲಿ ಸಿನಾಪ್ಟೋಫೈಸಿನ್, ಕ್ರೋಮೋಗ್ರಾನಿನ್, ಸಿ.ಡಿ. 56 ಎಂಬ ಹೆಸರುಗಳ ಮುಂದೆ ಪಾಸಿಟಿವ್ ಎಂದಿದ್ದರೆ ಅದು ನ್ಯೂರೋಎಂಡೋಕ್ರೈನ್ ಗುಂಪನ್ನು ತೋರಿಸುತ್ತದೆ. ಕಿ-67 ಎಂಬುದು ಕೋಶಗಳು ಎಷ್ಟು ವೇಗವಾಗಿ ಹೆಚ್ಚುತ್ತಿವೆ ಎಂಬುದರ ಅಳತೆ. ಶೇಕಡಾ 20ಕ್ಕಿಂತ ಹೆಚ್ಚಿದ್ದರೆ ಅದು ಉಗ್ರ ದರ್ಜೆ. ಸ್ಮಾಲ್ ಸೆಲ್ ಬಗೆಯಲ್ಲಿ ಇದು ಸಾಮಾನ್ಯವಾಗಿ ಅದಕ್ಕಿಂತ ಬಹಳ ಮೇಲಿರುತ್ತದೆ. ಈ ಪರೀಕ್ಷೆಗೆ ಪ್ರತ್ಯೇಕ ಹಣ ಕೇಳುತ್ತಾರೆ, ಕೆಲವು ದಿನ ಹೆಚ್ಚು ಹಿಡಿಯುತ್ತದೆ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಬಂದಿದೆಯಲ್ಲ, ಇನ್ನೇಕೆ ಖರ್ಚು ಎಂದು ಇದನ್ನು ಬಿಟ್ಟುಬಿಡಬಾರದು.

ಟಿ.ಟಿ.ಎಫ್. 1 ಎಂಬ ಇನ್ನೊಂದು ಗುರುತು ಶ್ವಾಸಕೋಶದ ಕ್ಯಾನ್ಸರಿನಲ್ಲಿ ಪಾಸಿಟಿವ್ ಬರುತ್ತದೆ. ಆದರೆ ಅನ್ನನಾಳದ ಸ್ಮಾಲ್ ಸೆಲ್‌ನಲ್ಲಿಯೂ ಅದು ಪಾಸಿಟಿವ್ ಬರುವುದುಂಟು. ಹಾಗಾಗಿ ರೋಗ ಶ್ವಾಸಕೋಶದಲ್ಲಿ ಹುಟ್ಟಿ ಅನ್ನನಾಳಕ್ಕೆ ನುಗ್ಗಿದೆಯೋ, ಅನ್ನನಾಳದಲ್ಲಿಯೇ ಹುಟ್ಟಿದೆಯೋ ಎಂಬುದನ್ನು ಈ ಒಂದು ಗುರುತಿನಿಂದ ಹೇಳಲಾಗದು, ಎದೆಯ ಸಿ.ಟಿ. ಸ್ಕ್ಯಾನ್ ನೋಡಿಯೇ ತೀರ್ಮಾನಿಸಬೇಕು. ಒಂದೇ ಗಡ್ಡೆಯಲ್ಲಿ ಸ್ಮಾಲ್ ಸೆಲ್ ಜೊತೆಗೆ ಸ್ಕ್ವಾಮಸ್ ಅಥವಾ ಅಡಿನೋ ಕೋಶಗಳು ಬೆರೆತಿರುವುದೂ ಇದೆ. ಎರಡರ ಪ್ರಮಾಣವೂ ಕನಿಷ್ಠ ಶೇಕಡಾ 30 ಇದ್ದರೆ ಅದಕ್ಕೆ ಮಿಶ್ರ ಬಗೆ ಎಂಬ ಪ್ರತ್ಯೇಕ ಹೆಸರಿದೆ.

ಹೆಸರು ಖಚಿತವಾದ ಮೇಲೆ ಎಷ್ಟು ಹರಡಿದೆ ಎಂಬ ಪ್ರಶ್ನೆ. ಕುತ್ತಿಗೆ, ಎದೆ, ಹೊಟ್ಟೆಯ ಸಿ.ಟಿ. ಸ್ಕ್ಯಾನ್, ಸಾಧ್ಯವಿದ್ದಲ್ಲಿ ಪೆಟ್ ಸ್ಕ್ಯಾನ್, ಮಿದುಳಿನ ಎಂ.ಆರ್.ಐ. ಇವುಗಳನ್ನು ಮಾಡಿಸುತ್ತಾರೆ. ಮೂಳೆ, ಶ್ವಾಸಕೋಶ, ದೂರದ ದುಗ್ಧಗ್ರಂಥಿಗಳು ಈ ರೋಗ ಹೋಗುವ ಜಾಗಗಳು; ಎಲ್ಲಕ್ಕಿಂತ ಹೆಚ್ಚಾಗಿ ಯಕೃತ್ತು. ರೋಗ ಒಂದು ವಿಕಿರಣ ಕ್ಷೇತ್ರದೊಳಗೆ ಸೇರುವಷ್ಟು ಸೀಮಿತವಾಗಿದ್ದರೆ ಲಿಮಿಟೆಡ್ ಎಂದೂ, ಅದನ್ನು ಮೀರಿದ್ದರೆ ಎಕ್ಸ್‌ಟೆನ್ಸಿವ್ ಎಂದೂ ಕರೆಯುತ್ತಾರೆ. ಶ್ವಾಸಕೋಶದ ರೋಗಕ್ಕೆಂದು ಮಾಡಿದ ಈ ವಿಂಗಡಣೆಯನ್ನೇ ಇಲ್ಲಿಯೂ ಬಳಸುತ್ತಾರೆ. ಜೊತೆಗೆ ಎಲ್ಲ ಅನ್ನನಾಳದ ಕ್ಯಾನ್ಸರುಗಳಿಗೆ ಹಾಕುವ ಹಂತದ ಸಂಖ್ಯೆಯನ್ನೂ ನಮೂದಿಸುತ್ತಾರೆ.

ರಕ್ತಪರೀಕ್ಷೆಯಲ್ಲಿ ಸೋಡಿಯಂ ಎಷ್ಟಿದೆ ಎಂದು ನೋಡುವುದು ಮುಖ್ಯ. ಸ್ಮಾಲ್ ಸೆಲ್ ಗಡ್ಡೆಗಳು ಕೆಲವೊಮ್ಮೆ ಹಾರ್ಮೋನು ಸ್ರವಿಸಿ ದೇಹದ ಸೋಡಿಯಂ ಇಳಿಸಿಬಿಡುತ್ತವೆ. ರೋಗಿ ಇದ್ದಕ್ಕಿದ್ದಂತೆ ಗಲಿಬಿಲಿಗೊಂಡು ಏನೇನೋ ಮಾತಾಡಲು ಆರಂಭಿಸಿದರೆ ಮನಸ್ಸು ಕೆಟ್ಟಿತೆಂದು ತಿಳಿಯುವ ಮೊದಲು ಈ ಪರೀಕ್ಷೆ ಆಗಬೇಕು.

ಚಿಕಿತ್ಸೆ

ಸಾಮಾನ್ಯ ಬಗೆಯ ಅನ್ನನಾಳದ ಕ್ಯಾನ್ಸರಿನಲ್ಲಿ ಗಡ್ಡೆಯ ಭಾಗವನ್ನು ಕತ್ತರಿಸಿ ಜಠರವನ್ನು ಮೇಲೆ ಎಳೆದು ಜೋಡಿಸುವ ಶಸ್ತ್ರಚಿಕಿತ್ಸೆ ಬಹಳ ಹಿಂದಿನದು. ಐವರ್ ಲೂಯಿಸ್ ಎಂಬ ವೇಲ್ಸ್ ದೇಶದ ಶಸ್ತ್ರಚಿಕಿತ್ಸಕರು 1946ರಲ್ಲಿ ವಿವರಿಸಿದ ವಿಧಾನ ಇಂದಿಗೂ ಅವರ ಹೆಸರಿನಲ್ಲಿ ನಡೆಯುತ್ತಿದೆ. ಶಸ್ತ್ರಚಿಕಿತ್ಸೆಗೆ ಮೊದಲು ಕಿಮೊಥೆರಪಿಯನ್ನೂ ವಿಕಿರಣವನ್ನೂ ಒಟ್ಟಿಗೆ ಕೊಟ್ಟರೆ ಫಲ ಹೆಚ್ಚು ಎಂದು ನೆದರ್ಲೆಂಡ್ಸ್‌ನ ಕ್ರಾಸ್ ಎಂಬ ಅಧ್ಯಯನ 2012ರಲ್ಲಿ ತೋರಿಸಿತು. ಅದರಲ್ಲಿ ರೋಗಿಗಳ ಮಧ್ಯಮ ಆಯುಸ್ಸು 24 ತಿಂಗಳಿಂದ 49 ತಿಂಗಳಿಗೆ ಏರಿತು. ಈ ಸಂಖ್ಯೆಗಳನ್ನು ಕೇಳಿ ನಮಗೂ ಹಾಗೆಯೇ ಮಾಡಿ ಎಂದು ಸ್ಮಾಲ್ ಸೆಲ್ ರೋಗಿಯ ಮನೆಯವರು ಕೇಳುವುದು ಸಹಜ. ಆದರೆ ಆ ಅಧ್ಯಯನ ನಡೆದದ್ದು ಸ್ಕ್ವಾಮಸ್ ಮತ್ತು ಅಡಿನೋ ಬಗೆಯಂಥ ರೋಗಗಳಲ್ಲಿ. ಸ್ಮಾಲ್ ಸೆಲ್‌ಗೆ ಆ ಲೆಕ್ಕವನ್ನು ತಂದು ಹಚ್ಚುವಂತಿಲ್ಲ.

ಸ್ಮಾಲ್ ಸೆಲ್ ರೋಗವನ್ನು ಆರಂಭದಿಂದಲೇ ಇಡೀ ದೇಹದ ರೋಗವೆಂದು ತಿಳಿಯಬೇಕು. ಸ್ಕ್ಯಾನಿನಲ್ಲಿ ಬೇರೆಡೆ ಏನೂ ಕಾಣದಿದ್ದರೂ ರಕ್ತದಲ್ಲಿ ಕೋಶಗಳು ಹರಿದಾಡುತ್ತಿರುವ ಸಂಭವ ಹೆಚ್ಚು. ಬರೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ರೋಗ ಕೆಲವೇ ತಿಂಗಳುಗಳಲ್ಲಿ ಬೇರೆಡೆ ಮರಳಿದ ಉದಾಹರಣೆಗಳು ವೈದ್ಯಕೀಯ ಸಾಹಿತ್ಯದಲ್ಲಿ ತುಂಬಾ ಇವೆ. ಆದ್ದರಿಂದ ಕಿಮೊಥೆರಪಿಯೇ ಬೆನ್ನೆಲುಬು. ಸಿಸ್‌ಪ್ಲಾಟಿನ್ ಅಥವಾ ಕಾರ್ಬೋಪ್ಲಾಟಿನ್, ಅದರ ಜೊತೆ ಎಟೊಪೊಸೈಡ್. ಮೂರು ವಾರಕ್ಕೊಂದು ಸುತ್ತಿನಂತೆ ನಾಲ್ಕರಿಂದ ಆರು ಸುತ್ತು. ಎರಡೂ ಹಳೆಯ ಔಷಧಗಳು, ಜೆನೆರಿಕ್ ರೂಪದಲ್ಲಿ ಸಿಗುತ್ತವೆ, ಹೊಸ ಔಷಧಗಳಷ್ಟು ದುಬಾರಿಯಲ್ಲ. ಎಟೊಪೊಸೈಡ್ ತಯಾರಾಗುವುದು ಪೊಡೊಫಿಲಮ್ ಎಂಬ ಗಿಡದ ಸತ್ವದಿಂದ. ಆ ಕುಲದ ಒಂದು ಗಿಡ ನಮ್ಮ ಹಿಮಾಲಯದಲ್ಲಿ ಬೆಳೆಯುತ್ತದೆ. ಇಂಗ್ಲಿಷ್ ಮದ್ದು ಬೇಡ, ಗಿಡಮೂಲಿಕೆ ಸಾಕು ಎನ್ನುವವರಿಗೆ ಈ ವಿಷಯ ಹೇಳಬಹುದು.

ರೋಗ ಸೀಮಿತವಾಗಿದ್ದರೆ ಕಿಮೊಥೆರಪಿಯ ಜೊತೆಗೆ ವಿಕಿರಣ ಚಿಕಿತ್ಸೆ ಸೇರಿಸುತ್ತಾರೆ. ವಾರಕ್ಕೆ ಐದು ದಿನ, ಐದಾರು ವಾರ. ತೀರಾ ಆರಂಭದ ಹಂತದಲ್ಲಿ ಪತ್ತೆಯಾದ ಕೆಲವರಿಗೆ ಕಿಮೊಥೆರಪಿಯೊಂದಿಗೆ ಶಸ್ತ್ರಚಿಕಿತ್ಸೆಯನ್ನೂ ಮಾಡುತ್ತಾರೆ. ಯಾವುದು ಮೇಲು ಎಂಬ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. ಒಮ್ಮತವಿಲ್ಲದಿರುವುದಕ್ಕೆ ಕಾರಣ ಸರಳ: ರೋಗಿಗಳು ಇಷ್ಟು ವಿರಳವಾಗಿರುವಾಗ ಎರಡು ಚಿಕಿತ್ಸೆಗಳನ್ನು ಹೋಲಿಸಿ ನೋಡುವ ದೊಡ್ಡ ಅಧ್ಯಯನ ನಡೆಸುವುದು ಬಹಳ ಕಷ್ಟ. ಹೆಚ್ಚಿನ ಜ್ಞಾನ ಬಂದಿರುವುದು ಶ್ವಾಸಕೋಶದ ರೋಗದಿಂದ ಎರವಲಾಗಿ. ಜೀರ್ಣಾಂಗಗಳ ಉಗ್ರ ನ್ಯೂರೋಎಂಡೋಕ್ರೈನ್ ಕ್ಯಾನ್ಸರುಗಳೆಲ್ಲವನ್ನೂ ಒಟ್ಟುಗೂಡಿಸಿ ಜಪಾನಿನಲ್ಲಿ 170 ರೋಗಿಗಳ ಮೇಲೆ ನಡೆದ ಒಂದು ಅಧ್ಯಯನದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಸಿಸ್‌ಪ್ಲಾಟಿನ್ ಜೊತೆ ಎಟೊಪೊಸೈಡ್ ಕೊಟ್ಟರೂ, ಇರಿನೊಟೆಕಾನ್ ಕೊಟ್ಟರೂ ಆಯುಸ್ಸಿನಲ್ಲಿ ಗಣನೀಯ ವ್ಯತ್ಯಾಸವಿಲ್ಲ ಎಂದು ಅದರಲ್ಲಿ ಕಂಡಿತು: ಮೊದಲನೆಯದರಲ್ಲಿ ಮಧ್ಯಮ ಆಯುಸ್ಸು 12.5 ತಿಂಗಳು, ಎರಡನೆಯದರಲ್ಲಿ 10.9 ತಿಂಗಳು. ಶ್ವಾಸಕೋಶದ ಸ್ಮಾಲ್ ಸೆಲ್‌ನಲ್ಲಿ 2018ರಿಂದ ಇಮ್ಯುನೋಥೆರಪಿಯನ್ನು ಕಿಮೊಥೆರಪಿಯ ಜೊತೆ ಸೇರಿಸುವ ಕ್ರಮ ಬಂದಿದೆ. ಅನ್ನನಾಳದ ರೋಗದಲ್ಲಿ ಅದರ ಫಲದ ಬಗ್ಗೆ ಇರುವ ಪುರಾವೆ ಇನ್ನೂ ಅಲ್ಪ. ಮನೆ ಮಾರಿ ಈ ದುಬಾರಿ ಇಂಜೆಕ್ಷನ್ ಕೊಡಿಸಲು ಹೊರಡುವ ಮೊದಲು ಇದರಿಂದ ಎಷ್ಟು ಪ್ರಯೋಜನ ನಿರೀಕ್ಷಿಸಬಹುದು ಎಂದು ವೈದ್ಯರನ್ನು ನೇರವಾಗಿ ಕೇಳಿ.

ಮೇಲಿನ ಸಂಖ್ಯೆಗಳನ್ನು ಮರೆಮಾಚದೆ ಕೊಟ್ಟಿದ್ದೇವೆ. ಹರಡಿದ ಹಂತದಲ್ಲಿ ಇದು ಪೂರ್ತಿ ಗುಣವಾಗುವುದು ಅಪರೂಪ. ಮೊದಲ ಎರಡು ಸುತ್ತುಗಳಲ್ಲೇ ಗಡ್ಡೆ ಕರಗಿ ರೋಗಿ ಮತ್ತೆ ಅನ್ನ ಉಣ್ಣುವಂತಾಗುವುದು ಸಾಮಾನ್ಯ. ಆಮೇಲೆ ರೋಗ ಮರಳುವುದೂ ಸಾಮಾನ್ಯ. ಸೀಮಿತ ಹಂತದಲ್ಲಿ ಪತ್ತೆಯಾದವರಲ್ಲಿ ವರ್ಷಗಟ್ಟಲೆ ಬದುಕಿದವರಿದ್ದಾರೆ. ಏನೂ ಚಿಕಿತ್ಸೆ ಪಡೆಯದಿದ್ದರೆ ಲೆಕ್ಕ ಕೆಲವೇ ತಿಂಗಳುಗಳದ್ದು. ಈ ಸತ್ಯವನ್ನು ರೋಗಿಯಿಂದ ಮುಚ್ಚಿಡುವ ರೂಢಿ ನಮ್ಮ ಕುಟುಂಬಗಳಲ್ಲಿದೆ. ಎಷ್ಟು ತಿಳಿಯಬೇಕೆಂದು ರೋಗಿಯನ್ನೇ ಕೇಳುವುದು ಉಚಿತ. ಜಮೀನಿನ ಕಾಗದ, ಮಗಳ ಮದುವೆ, ಮುರಿದ ಸಂಬಂಧ ಇವುಗಳಿಗೆ ಎಷ್ಟು ಸಮಯವಿದೆ ಎಂಬುದು ಆ ವ್ಯಕ್ತಿಗೆ ಗೊತ್ತಿರಬೇಕಾದ ವಿಷಯ.

ಕಿಮೊಥೆರಪಿಯ ತೊಂದರೆಗಳಲ್ಲಿ ಕೂದಲು ಉದುರುವುದು, ವಾಂತಿ, ಸುಸ್ತು ಎಲ್ಲರಿಗೂ ಗೊತ್ತು. ಸಿಸ್‌ಪ್ಲಾಟಿನ್ ಮೂತ್ರಪಿಂಡಕ್ಕೂ ಕಿವಿಗೂ ತೊಂದರೆ ಕೊಡಬಲ್ಲುದು, ಅದಕ್ಕಾಗಿಯೇ ಅದರ ಜೊತೆ ಬಾಟಲಿಗಟ್ಟಲೆ ಸಲಾಯಿನ್ ಕೊಡುತ್ತಾರೆ. ಕಿವಿಯಲ್ಲಿ ಗುಂಯ್‌ಗುಡುವ ಸದ್ದು, ಬೆರಳುಗಳಲ್ಲಿ ಜೋಮು ಬಂದರೆ ಹೇಳಬೇಕು. ಮನೆಯವರು ಗೋಡೆಯ ಮೇಲೆ ಬರೆದಿಡಬೇಕಾದ ಒಂದು ಸಂಖ್ಯೆ ಇದೆ: 100.4 ಡಿಗ್ರಿ ಫ್ಯಾರನ್‌ಹೀಟ್. ಕಿಮೊಥೆರಪಿ ನಡೆಯುತ್ತಿರುವ ದಿನಗಳಲ್ಲಿ ಜ್ವರ ಅಷ್ಟಕ್ಕೆ ಬಂದರೆ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗುವವರೆಗೆ ಕಾಯುವಂತಿಲ್ಲ. ಬಿಳಿ ರಕ್ತಕಣಗಳು ಇಳಿದಿರುವ ಹೊತ್ತಿನಲ್ಲಿ ಸೋಂಕು ಗಂಟೆಗಳ ಒಳಗೆ ಪ್ರಾಣ ತೆಗೆಯಬಹುದು. ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಹೋಗಿ.

ಊಟ ಮತ್ತು ನೋವು

ಹೊಟ್ಟೆಗೆ ಹೋಗದವನಿಗೆ ಕಿಮೊಥೆರಪಿ ತಡೆದುಕೊಳ್ಳಲಾಗದು. ಆದ್ದರಿಂದ ಊಟದ ದಾರಿ ತೆರೆಯುವುದು ಚಿಕಿತ್ಸೆಯ ಮೊದಲ ವಾರದ ಕೆಲಸ. ಮೂಗಿನ ಮೂಲಕ ತೆಳು ಕೊಳವೆ ಇಳಿಸಬಹುದು; ಹೆಚ್ಚು ಕಾಲ ಬೇಕಾದರೆ ಹೊಟ್ಟೆಯ ಮೇಲಿನಿಂದ ಜಠರಕ್ಕೋ ಕರುಳಿಗೋ ಕೊಳವೆ ಹಾಕಬಹುದು; ಅನ್ನನಾಳದೊಳಗೆ ಸ್ಟೆಂಟ್ ಎಂಬ ಜಾಲರಿ ಕೊಳವೆ ಇಡಬಹುದು. ಅನ್ನನಾಳಕ್ಕೂ ಶ್ವಾಸನಾಳಕ್ಕೂ ತೂತು ಬಿದ್ದಲ್ಲಿ ಹೊದಿಕೆ ಇರುವ ಸ್ಟೆಂಟ್ ಬಳಸುತ್ತಾರೆ. ಕೊಳವೆ ಹಾಕಿದರೆ ಎಲ್ಲ ಮುಗಿಯಿತು ಎಂದು ಹಲವರು ತಿಳಿಯುತ್ತಾರೆ. ಎಷ್ಟೋ ಮಂದಿಗೆ ಅದು ಚಿಕಿತ್ಸೆ ಆರಂಭಿಸಲು ಬೇಕಾದ ಶಕ್ತಿ ಕೊಡುವ ತಾತ್ಕಾಲಿಕ ಏರ್ಪಾಡು.

ಬಾಯಿಯಿಂದ ಉಣ್ಣಲು ಸಾಧ್ಯವಿರುವವರಿಗೆ ರಾಗಿ ಅಂಬಲಿ, ಮಿಕ್ಸಿಯಲ್ಲಿ ನುಣ್ಣಗೆ ಮಾಡಿದ ಕುಚ್ಚಲಕ್ಕಿ ಗಂಜಿಗೆ ತುಪ್ಪ, ಬೇಳೆಕಟ್ಟು, ಮೊಟ್ಟೆ ಕಲಸಿದ ಹಾಲು, ಮುಳ್ಳು ತೆಗೆದು ಅರೆದ ಮೀನು ಇವು ಅನುಕೂಲ. ದಿನಕ್ಕೆ ಮೂರು ಸಲದ ಬದಲು ಏಳೆಂಟು ಸಲ ಸ್ವಲ್ಪ ಸ್ವಲ್ಪ. ಕುಳಿತೇ ಉಣ್ಣಬೇಕು, ಉಂಡ ಮೇಲೆ ಅರ್ಧ ಗಂಟೆಯಾದರೂ ಮಲಗಬಾರದು. ಬರೇ ತಿಳಿಗಂಜಿಯಲ್ಲಿ ದಿನ ದೂಡಿದರೆ ಸ್ನಾಯುಗಳು ಕರಗುತ್ತವೆ. ಮಾತ್ರೆ ನುಂಗಲಾಗದೆಂದು ಎಲ್ಲವನ್ನೂ ಪುಡಿ ಮಾಡಿ ಕೊಡಬೇಡಿ. ನಿಧಾನವಾಗಿ ಕರಗಲೆಂದು ಮಾಡಿದ ಮಾತ್ರೆಗಳನ್ನು ಪುಡಿ ಮಾಡಿದರೆ ಇಡೀ ದಿನದ ಮದ್ದು ಒಮ್ಮೆಲೇ ರಕ್ತಕ್ಕೆ ಸೇರಿ ಅಪಾಯವಾಗುತ್ತದೆ.

ನೋವಿಗೆ ಮಾರ್ಫಿನ್ ಬರೆದುಕೊಟ್ಟರೆ ಹೆದರುವ ಅಗತ್ಯವಿಲ್ಲ. ಕ್ಯಾನ್ಸರ್ ನೋವಿಗೆ ಬಾಯಿಯಿಂದ ಕೊಡುವ ಮಾರ್ಫಿನ್ ಒಳ್ಳೆಯ ಮದ್ದೆಂದು ವಿಶ್ವ ಆರೋಗ್ಯ ಸಂಸ್ಥೆ 1986ರಿಂದಲೂ ಹೇಳುತ್ತಿದೆ. ವೈದ್ಯರು ಹೇಳಿದ ಪ್ರಮಾಣದಲ್ಲಿ ನೋವಿಗೆಂದು ತೆಗೆದುಕೊಳ್ಳುವುದು ಚಟವಲ್ಲ. ಅದರಿಂದ ಮಲಬದ್ಧತೆ ಖಂಡಿತ ಆಗುತ್ತದೆ. ಮೊದಲ ದಿನದಿಂದಲೇ ಅದಕ್ಕೂ ಮದ್ದು ಕೇಳಿ ತೆಗೆದುಕೊಳ್ಳಿ. ಮಾದಕ ವಸ್ತುಗಳ ಕಾಯಿದೆಗೆ 2014ರಲ್ಲಿ ತಂದ ತಿದ್ದುಪಡಿಯ ನಂತರ ಆಸ್ಪತ್ರೆಗಳಿಗೆ ಮಾರ್ಫಿನ್ ಇಟ್ಟುಕೊಳ್ಳುವ ಪರವಾನಗಿ ಕ್ರಮ ಸರಳವಾಗಿದೆ. ನೋವು ಸಹಿಸುವುದೇ ಪುಣ್ಯ, ಆದ್ದರಿಂದ ಮದ್ದು ಬೇಡ ಎನ್ನುವ ಭಕ್ತರೂ ಇದ್ದಾರೆ. ನೋವು ಶಮನಗೊಳಿಸುವ ಔಷಧವನ್ನು ಧರ್ಮಸಭೆ ತಡೆಯುವುದಿಲ್ಲ. ಪೋಪ್ ಹನ್ನೆರಡನೇ ಭಕ್ತಿನಾಥರು 1957ರಲ್ಲಿಯೇ ವೈದ್ಯರ ಪ್ರಶ್ನೆಗೆ ಉತ್ತರವಾಗಿ ಇದನ್ನು ಸ್ಪಷ್ಟಪಡಿಸಿದ್ದರು.

ಪರಮ ಪ್ರಸಾದ ಒಯ್ಯುವವರಿಗೆ ಒಂದು ಮಾತು. ಒಣ ಅಪ್ಪ ಇಂಥ ರೋಗಿಗಳ ಅನ್ನನಾಳದಲ್ಲಿ ಸಿಕ್ಕಿಕೊಳ್ಳಬಹುದು. ಅತಿ ಚಿಕ್ಕ ಚೂರನ್ನು ನೀರಿನೊಂದಿಗೆ ಕೊಡಬಹುದು. ಅದೂ ಆಗದಿದ್ದರೆ, ಅಗತ್ಯವಿದ್ದಲ್ಲಿ ದ್ರಾಕ್ಷಾರಸದ ರೂಪದಲ್ಲಿ ಮಾತ್ರ ಪ್ರಸಾದ ನೀಡಲು ಧರ್ಮಸಭೆಯ ಕಾನೂನಿನ 925ನೇ ವಿಧಿಯಲ್ಲಿ ಅವಕಾಶವಿದೆ. ಧರ್ಮಕೇಂದ್ರದ ಗುರುಗಳಿಗೆ ಮುಂಚಿತವಾಗಿ ತಿಳಿಸಿ. ಕುಡಿದರೆ ಕೆಮ್ಮು ಬರುವವರಿಗೆ ಒಂದು ಹನಿಯೂ ಬೇಡ. ರೋಗಿಗಳ ಅಭ್ಯಂಗನ ಸಂಸ್ಕಾರವನ್ನು ಕೊನೆಯುಸಿರಿನವರೆಗೆ ತಡೆಹಿಡಿಯುವುದೂ ಸರಿಯಲ್ಲ. 1004ನೇ ವಿಧಿಯಂತೆ ಕಾಯಿಲೆಯಿಂದ ಅಪಾಯ ಆರಂಭವಾದಾಗಲೇ ಅದನ್ನು ಪಡೆಯಬಹುದು.

ಎಲ್ಲಿಗೆ ಹೋಗುವುದು?

ಮಂಗಳೂರು, ದೇರಳಕಟ್ಟೆ, ಮಣಿಪಾಲಗಳ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಕ್ಯಾನ್ಸರ್ ವಿಭಾಗಗಳಿವೆ. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆ, ಮುಂಬಯಿಯಲ್ಲಿ 1941ರಿಂದ ಇರುವ ಟಾಟಾ ಸ್ಮಾರಕ ಆಸ್ಪತ್ರೆ ಇವೆ. ಗುಣಪಡಿಸುವ ಚಿಕಿತ್ಸೆ ಮುಗಿದವರನ್ನು ನೋಡಿಕೊಳ್ಳುವ ಬೆಂಗಳೂರಿನ ಕರುಣಾಶ್ರಯದಲ್ಲಿ ಸೇವೆ ಉಚಿತ. ಎಲ್ಲಿಗೆ ಹೋದರೂ ಶಸ್ತ್ರಚಿಕಿತ್ಸೆ, ಕಿಮೊಥೆರಪಿ, ವಿಕಿರಣ ಮೂರೂ ವಿಭಾಗದ ವೈದ್ಯರು ಒಟ್ಟಾಗಿ ಚರ್ಚಿಸಿ ನಿರ್ಧರಿಸುತ್ತಾರೆಯೇ ಎಂದು ಕೇಳಿ. ಖರ್ಚಿನ ವಿಷಯದಲ್ಲಿ, 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಖಾಸಗಿ ಆಸ್ಪತ್ರೆಗೆ ಹೋಗಲು ಸಾಮಾನ್ಯವಾಗಿ ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಮಂಗಳೂರಿನವರು ಮೊದಲು ವೆನ್ಲಾಕ್ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ದಾಖಲಾದ ಮೇಲೆ ಪತ್ರಕ್ಕಾಗಿ ಓಡಾಡುವುದಕ್ಕಿಂತ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಎರಡನೇ ಅಭಿಪ್ರಾಯಕ್ಕೆ ಹೋಗುವಾಗ ಬರೇ ವರದಿಯ ಕಾಗದ ಸಾಲದು. ಬಯಾಪ್ಸಿಯ ಗಾಜಿನ ಸ್ಲೈಡುಗಳನ್ನೂ ಮೇಣದ ಬ್ಲಾಕನ್ನೂ ಮೊದಲ ಆಸ್ಪತ್ರೆಯ ಪ್ರಯೋಗಾಲಯಕ್ಕೆ ಅರ್ಜಿ ಬರೆದು ಕೇಳಿ ಪಡೆಯಬಹುದು. ಹೊಸ ಆಸ್ಪತ್ರೆಯ ಪೆಥಾಲಜಿಸ್ಟ್ ಅದನ್ನೇ ಮತ್ತೆ ಪರಿಶೀಲಿಸುತ್ತಾರೆ, ರೋಗಿಗೆ ಮತ್ತೊಮ್ಮೆ ಎಂಡೋಸ್ಕೋಪಿಯ ಕಷ್ಟ ತಪ್ಪೀತು. ಬ್ಲಾಕನ್ನು ಬಿಸಿಲಿಗೆ ಬಿದ್ದ ಕಾರಿನಲ್ಲಿ ಇಡಬೇಡಿ, ಮೇಣ ಕರಗುತ್ತದೆ. ಸ್ಕ್ಯಾನಿನ ಚಿತ್ರಗಳಿರುವ ಸಿ.ಡಿ., ಪ್ರತಿ ಸುತ್ತಿನ ಕಿಮೊಥೆರಪಿಯಲ್ಲಿ ಕೊಟ್ಟ ಔಷಧ ಮತ್ತು ಪ್ರಮಾಣದ ಚೀಟಿ, ರಕ್ತಪರೀಕ್ಷೆಗಳು, ತೂಕದ ದಾಖಲೆ ಇವೆಲ್ಲ ದಿನಾಂಕದ ಕ್ರಮದಲ್ಲಿ ಒಂದೇ ಫೈಲಿನಲ್ಲಿರಲಿ. ಚಿಕಿತ್ಸೆ ಮುಗಿದ ಮೇಲೆ ಮೊದಲ ಎರಡು ವರ್ಷ ಎರಡು ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಕರೆಯುತ್ತಾರೆ. ರೋಗ ಮರಳುವುದು ಹೆಚ್ಚಾಗಿ ಆ ಅವಧಿಯಲ್ಲೇ ಆದ್ದರಿಂದ ಉಣ್ಣಲು ಏನೂ ತೊಂದರೆಯಿಲ್ಲದಿದ್ದರೂ ಆ ದಿನಾಂಕಗಳನ್ನು ತಪ್ಪಿಸಬಾರದು.